ಮನಸ್ಸು ಮಾಡಿದ್ದು ಯಾವತ್ತು?

ಅಮೆರಿಕದ ವೀಸಾ, ಗ್ರೀನ್ ಕಾರ್ಡ್ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಉತ್ತರ. ಮೊದಲೇ ಹೇಳಿಬಿಡುತ್ತೇನೆ, ನಾನು ವಕೀಲೆಯಲ್ಲ. ನ್ಯೂಜೆರ್ಸಿಯ ಒಬ್ಬ ವಲಸೆ ವಕೀಲರ ಕಚೇರಿಯಲ್ಲಿ 22 ವರ್ಷ ಫೈಲ್ ಜೋಡಿಸಿದವಳು. ಫಾರಂ ಕಂಡರೆ ಹೆದರದವಳು ಅನ್ನಬಹುದು, ಅಷ್ಟೆ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಮದುವೆಯದೇ.

ಪ್ರಶ್ನೆ: ನನಗೆ 29 ವರ್ಷ. ಅಕ್ಕನ ಬಾಣಂತನಕ್ಕೆ ಅಮ್ಮ ಬರಬೇಕಿತ್ತು. ಅವರಿಗೆ ಮಂಡಿ ಆಪರೇಷನ್ ಆಗಿದ್ದರಿಂದ ನಾನು ಬಿ-2 ವಿಸಿಟರ್ ವೀಸಾದಲ್ಲಿ ಬಂದೆ. ಬಂದು ನಾಲ್ಕೂವರೆ ತಿಂಗಳಾಯಿತು. ಇಲ್ಲಿ ಯುಗಾದಿ ಕಾರ್ಯಕ್ರಮದಲ್ಲಿ ಪರಿಚಯವಾದ ಹುಡುಗನನ್ನು ಮದುವೆಯಾಗಬೇಕೆಂದಿದ್ದೇನೆ. ಅವರು ಇಲ್ಲೇ ಹುಟ್ಟಿದವರು, ಅಮೆರಿಕನ್ ಸಿಟಿಜನ್. ಭಾವ, "ತೊಂಬತ್ತು ದಿನ ಕಳೀತಲ್ಲ, ಇನ್ನೇನು ಭಯ? ಇಲ್ಲೇ ಮದುವೆಯಾಗಿ ಗ್ರೀನ್ ಕಾರ್ಡಿಗೆ ಹಾಕು" ಅನ್ನುತ್ತಾರೆ. ಅಪ್ಪ, "ಊರಿಗೆ ಬಾ, ಮದುವೆ ಮಾಡಿ ಕಳಿಸ್ತೀವಿ. ವೀಸಾ ಹೇಗೂ ಹತ್ತು ವರ್ಷಕ್ಕಿದೆ" ಅನ್ನುತ್ತಾರೆ. ಯಾರ ಮಾತು ಕೇಳಲಿ?
(ಹೆಸರು ಬೇಡ, ನ್ಯೂಜೆರ್ಸಿ)

ಉತ್ತರ: ಅಪ್ಪನ ಮಾತಿನಲ್ಲಿ ಮೊದಲರ್ಧ ಸರಿ, ಎರಡನೆಯದು ಅಪಾಯ. ಊರಿಗೆ ಹೋಗಿ ಮದುವೆಯಾಗಬಹುದು. ಆದರೆ ಆಮೇಲೆ ಅದೇ ವಿಸಿಟರ್ ವೀಸಾ ಹಿಡಿದು ಗಂಡನ ಮನೆ ಸೇರಲು ವಿಮಾನ ಹತ್ತಿದರೆ ನ್ಯೂಅರ್ಕ್‌ನಲ್ಲೋ ಜೆಎಫ್‌ಕೆಯಲ್ಲೋ ಇಳಿದಾಗ ಅಧಿಕಾರಿ ಕೇಳುವ ಮೊದಲ ಪ್ರಶ್ನೆಗೇ ಸಿಕ್ಕಿಹಾಕಿಕೊಳ್ಳುತ್ತೀರಿ. ಮದುವೆಯಾಗಿದೆ, ಇಲ್ಲೇ ಇರಲು ಬಂದೆ ಎಂದರೆ ವಾಪಸು ಕಳಿಸಬಹುದು. ಸುಮ್ಮನೆ ನೋಡಿಕೊಂಡು ಹೋಗಲು ಬಂದೆ ಎಂದರೆ ಸುಳ್ಳು, ಮತ್ತು ಆ ಸುಳ್ಳು ಜೀವಮಾನವಿಡೀ ಬೆನ್ನು ಬಿಡುವುದಿಲ್ಲ. ವೀಸಾದ ಮೇಲಿನ ಹತ್ತು ವರ್ಷ ಅಂದರೆ ಬಾಗಿಲು ತಟ್ಟಲು ಹತ್ತು ವರ್ಷ ಅವಕಾಶ. ಒಳಗೆ ಎಷ್ಟು ದಿನ ಅನ್ನುವುದನ್ನು ಹೇಳುವುದು ಐ-94, ಒಳಗೆ ಬಿಡುವಾಗ ಅಧಿಕಾರಿಗಳು ಮಾಡುವ ದಾಖಲೆ. ನಿಮ್ಮ ಐ-94ನ್ನು ಇವತ್ತೇ ಆನ್‌ಲೈನ್‌ನಲ್ಲಿ ತೆಗೆದು ನೋಡಿ. ಸಾಮಾನ್ಯವಾಗಿ ಆರು ತಿಂಗಳು ಇರುತ್ತದೆ, ಅಂದರೆ ನಿಮ್ಮ ಕೈಯಲ್ಲಿ ಇನ್ನು ಒಂದೂವರೆ ತಿಂಗಳು.

ಇನ್ನು ಭಾವನವರ ತೊಂಬತ್ತು ದಿನ. ಈ ಲೆಕ್ಕ ನಮ್ಮವರ ಬಾಯಲ್ಲಿ ಸೂತಕದ ಲೆಕ್ಕದ ಹಾಗೆ ಆಗಿಬಿಟ್ಟಿದೆ. ಇಷ್ಟು ದಿನ ಕಳೆದರೆ ಶುದ್ಧ. ಹಾಗಿಲ್ಲ. ಅದು ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಕಾನ್ಸುಲೇಟ್ ಅಧಿಕಾರಿಗಳಿಗೆ 2017ರ ಸೆಪ್ಟೆಂಬರಿನಲ್ಲಿ ಕೊಟ್ಟ ಸೂಚನೆ. ವಿಸಿಟರ್ ಆಗಿ ಬಂದು 90 ದಿನದೊಳಗೆ ಸಿಟಿಜನ್ನನ್ನು ಮದುವೆಯಾಗಿ ಇಲ್ಲೇ ಸಂಸಾರ ಹೂಡಿದರೆ, ಬರುವಾಗಲೇ ಸುಳ್ಳು ಹೇಳಿದ್ದಿರಬೇಕು ಎಂದು ಅನುಮಾನಿಸಬಹುದು ಅನ್ನುವುದು ಅದರ ಸಾರ. ಅಲ್ಲ ಎಂದು ತೋರಿಸಲು ಅರ್ಜಿದಾರರಿಗೆ ಅವಕಾಶ ಉಂಟು. ನಿಮ್ಮ ಗ್ರೀನ್ ಕಾರ್ಡ್ ಅರ್ಜಿ ನೋಡುವ ಯುಎಸ್‌ಸಿಐಎಸ್‌ನವರು ಆ ಸೂಚನೆಗೆ ಬದ್ಧರಲ್ಲ. ಅವರು 60ನೇ ದಿನದ ಮದುವೆಯನ್ನು ಒಪ್ಪಲೂಬಹುದು, 120ನೇ ದಿನದ್ದನ್ನು ಕೆದಕಲೂಬಹುದು. ಅವರಿಗೆ ಬೇಕಾದ್ದು ಒಂದೇ: ವೀಸಾ ಸಂದರ್ಶನದಲ್ಲಿ, ಏರ್‌ಪೋರ್ಟಿನಲ್ಲಿ ನೀವು ಏನು ಹೇಳಿದಿರಿ, ಹೇಳಿದ ಹೊತ್ತಿಗೆ ಅದು ನಿಜವಾಗಿತ್ತೇ?

ನಿಮ್ಮ ವಿಷಯದಲ್ಲಿ ನಿಜವಾಗಿತ್ತು. ಬಾಣಂತನಕ್ಕೆ ಬಂದಿರಿ, ಬಾಣಂತನ ಮಾಡಿದಿರಿ, ಯುಗಾದಿಗೆ ಹುಡುಗ ಸಿಕ್ಕ. ಮನಸ್ಸು ಬದಲಾಗುವುದು ಅಪರಾಧವಲ್ಲ. ಅಷ್ಟೇ ಅಲ್ಲ, ಸಿಟಿಜನ್ನರ ಗಂಡ ಅಥವಾ ಹೆಂಡತಿಗೆ, ಬರುವಾಗಲೇ ಉಳಿಯುವ ಮನಸ್ಸಿತ್ತು ಅನ್ನುವ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸಬಾರದು ಎಂದು ವಲಸೆ ಮೇಲ್ಮನವಿ ಮಂಡಳಿ 1980ರ ಕವಾಜೋಸ್, 1981ರ ಇಬ್ರಾಹಿಂ ಪ್ರಕರಣಗಳಲ್ಲಿ ಹೇಳಿದೆ. ಬೇರೆ ದೊಡ್ಡ ದೋಷ ಇರಬಾರದು, ಅಷ್ಟೆ. ಬಾಯಿಬಿಟ್ಟು ಸುಳ್ಳು ಹೇಳಿದ್ದರೆ ಅದೇ ಆ ದೊಡ್ಡ ದೋಷ.

ಇದನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. 1996ರ ಜನವರಿಯಲ್ಲಿ ನಾನೂ ನಿಮ್ಮ ಹಾಗೆಯೇ ಅಕ್ಕನ ಬಾಣಂತನಕ್ಕೆ ಬಂದವಳು. ಮಗುವಿನ ನಾಮಕರಣಕ್ಕೆ ತೊಟ್ಟಿಲು ಜೋಡಿಸಲು ಭಾವನ ಸ್ನೇಹಿತರೊಬ್ಬರು ಬಂದರು. ತಲೆಕೆಳಗಾಗಿ ಜೋಡಿಸಿದರು. ಬಿಚ್ಚಿ ಮತ್ತೆ ಜೋಡಿಸಲು ಮಾರನೆಯ ದಿನ ಬಂದರು, ಅದರ ಮಾರನೆಯ ದಿನವೂ ಬಂದರು. ಜೂನ್‌ನಲ್ಲಿ ಮದುವೆ. ಮರುವರ್ಷ ನ್ಯೂಅರ್ಕ್‌ನಲ್ಲಿ ಸಂದರ್ಶನಕ್ಕೆ ಕರೆದಾಗ ಅಧಿಕಾರಿ ಕೇಳಿದ್ದು ಇದನ್ನೇ. ಮನಸ್ಸು ಮಾಡಿದ್ದು ಯಾವತ್ತು?

ನನ್ನ ಪುಣ್ಯಕ್ಕೆ ಅಮ್ಮ ನನ್ನ ಪತ್ರಗಳನ್ನೆಲ್ಲ ಕಟ್ಟು ಕಟ್ಟಿ ಇಟ್ಟಿದ್ದಳು. ನೀಲಿ ಏರೋಗ್ರಾಮ್, ಮೇಲೆ ಅಂಚೆಯ ಮುದ್ರೆ. ಏಪ್ರಿಲ್ ಮೊದಲ ವಾರದ್ದರಲ್ಲಿ, "ಮೇ 20ಕ್ಕೆ ಟಿಕೆಟ್ ಇದೆ, ಹಲಸಿನ ಹಪ್ಪಳ ನಾನು ಬರೋತನಕ ಮಾಡಬೇಡ, ಒಬ್ಬಳೇ ಒದ್ದಾಡಬೇಡ" ಅಂತಿತ್ತು. ಮೇ ಮೊದಲ ವಾರದ್ದು ಶುರುವಾಗುವುದೇ "ಅಮ್ಮ, ಕೂತ್ಕೊಂಡು ಓದು" ಎಂದು. ಎರಡನ್ನೂ ಊರಿಂದ ತರಿಸಿ, ಇಲ್ಲಿನ ಮೇಷ್ಟ್ರೊಬ್ಬರಿಂದ ಇಂಗ್ಲಿಷಿಗೆ ಮಾಡಿಸಿ ಕೊಟ್ಟೆವು. ಅಧಿಕಾರಿ ಎರಡನೆಯದನ್ನು ಓದಿ ನಕ್ಕರು. ಆಮೇಲೆ ಆಲ್ಬಂ ತಿರುವುತ್ತ ಧಾರೆಯ ಫೋಟೋದಲ್ಲಿ ಬೆರಳಿಟ್ಟರು. "ನೀರು ಬಿಡುತ್ತಿರುವವರು ನಿಮ್ಮ ತಂದೆಯೇ? ತಂದೆ ಹಾಸನದಲ್ಲಿದ್ದಾರೆ ಎಂದು ಫಾರಮಿನಲ್ಲಿ ಬರೆದಿದ್ದೀರಲ್ಲ?" ಎದೆ ಧಸಕ್ಕೆಂದಿತು. ಅಪ್ಪನಿಗೆ ವೀಸಾ ಸಿಗಲಿಲ್ಲ, ಧಾರೆ ಎರೆದದ್ದು ಅಕ್ಕ-ಭಾವ ಎಂದು ವಿವರಿಸುವಷ್ಟರಲ್ಲಿ ಬೆವರಿಳಿದಿತ್ತು. ಎಷ್ಟು ಹತ್ತಿರದಿಂದ ನೋಡುತ್ತಾರೆ ಎಂದು ನಿಮಗೆ ತಿಳಿಯಲಿ ಅಂತ ಹೇಳಿದೆ.

ಈಗ ಏರೋಗ್ರಾಮ್ ಎಲ್ಲಿ ಬಂತು, ವಾಟ್ಸಾಪ್ ಇದೆ. ಅಳಿಸಬೇಡಿ. ಅಪ್ಪನ ಜೊತೆ ಆಡಿದ ಜಗಳವನ್ನೂ ಅಳಿಸಬೇಡಿ. ವಾಪಸ್ ಟಿಕೆಟ್ಟು, ಊರಿನ ಕೆಲಸಕ್ಕೆ ರಜೆ ಹಾಕಿದ ಪತ್ರ, ಎಲ್ಲ ಇಟ್ಟುಕೊಳ್ಳಿ. ಕನ್ನಡದ ಯಾವ ಕಾಗದ ಕೊಟ್ಟರೂ ಪೂರ್ತಿ ಅನುವಾದ ಇರಬೇಕು, ಅನುವಾದ ಮಾಡಿದವರು "ನನಗೆ ಎರಡೂ ಭಾಷೆ ಬರುತ್ತದೆ, ಇದು ಸರಿಯಾಗಿದೆ" ಎಂದು ಸಹಿ ಹಾಕಿರಬೇಕು. ಅದನ್ನು ನೀವೇ ಮಾಡಿಕೊಳ್ಳಬೇಡಿ.

ಹಾಗಾಗಿ ನನ್ನ ಮಾತು: ಇಲ್ಲೇ ಮದುವೆಯಾಗಬಹುದು, ಇಲ್ಲಿಂದಲೇ ಅರ್ಜಿ ಹಾಕಬಹುದು. ಐ-94 ಮುಗಿಯುವ ಮೊದಲು ಅರ್ಜಿ ತಲುಪಿರಲಿ. ಕಾನೂನಾಗಿ ಒಳಗೆ ಬಂದು ಸಿಟಿಜನ್ನನ್ನು ಮದುವೆಯಾದವರಿಗೆ ಅವಧಿ ಮೀರಿದ್ದಕ್ಕೆ ಮಾಫಿ ಇದೆ, ನಿಜ. ಆದರೆ ಕಾಲ ಮೊದಲಿನಂತಿಲ್ಲ. 2025ರಿಂದ, ಅವಧಿ ಮೀರಿದವರ ಅರ್ಜಿ ತಿರಸ್ಕೃತವಾದರೆ ನೇರ ವಲಸೆ ಕೋರ್ಟಿನ ನೋಟಿಸು ಕಳಿಸುತ್ತಿದ್ದಾರೆ. ಸಂದರ್ಶನಕ್ಕೆ ಹೋದವರನ್ನೇ ವಶಕ್ಕೆ ತೆಗೆದುಕೊಂಡ ಸುದ್ದಿಯೂ ಬಂದಿದೆ. ಮಾಫಿ ಇದೆ ಎಂದು ಸಾಲ ಮಾಡುವವರ ಹಾಗೆ ಕೂರಬೇಡಿ.

ನ್ಯೂಜೆರ್ಸಿಯಲ್ಲಿ ಮದುವೆಗೆ ಮೊದಲು ಸ್ಥಳೀಯ ರಿಜಿಸ್ಟ್ರಾರ್ ಹತ್ತಿರ ಲೈಸೆನ್ಸ್ ತೆಗೆಯಬೇಕು: 28 ಡಾಲರ್, ಒಬ್ಬ ಸಾಕ್ಷಿ, ಅರ್ಜಿ ಕೊಟ್ಟ ಮೇಲೆ 72 ಗಂಟೆ ಕಾಯುವುದು. ಮುಹೂರ್ತ ಶುಕ್ರವಾರ ಬೆಳಿಗ್ಗೆ ಇಟ್ಟುಕೊಂಡು ಬುಧವಾರ ಲೈಸೆನ್ಸಿಗೆ ಓಡಿದವರನ್ನು ನೋಡಿದ್ದೇನೆ. ಪುರೋಹಿತರು ಕೊಡುವ ಬಂಗಾರದ ಅಂಚಿನ ಪತ್ರ ಗೋಡೆಗೆ ಚೆನ್ನ. ಫೈಲಿಗೆ ಬೇಕಾದ್ದು ರಿಜಿಸ್ಟ್ರಾರ್ ಕೊಡುವ ದೃಢೀಕೃತ ಪ್ರತಿ.

ಆಮೇಲೆ, ಇವಳು ನನ್ನ ಹೆಂಡತಿ ಎಂದು ಗಂಡ ಹಾಕುವ ಐ-130, ಗ್ರೀನ್ ಕಾರ್ಡ್ ಕೇಳಿ ನೀವು ಹಾಕುವ ಐ-485, ಎರಡನ್ನೂ ಒಟ್ಟಿಗೆ ಕಳಿಸಬಹುದು. 2024ರ ಏಪ್ರಿಲ್ 1ರಂದು ಬಂದ ದರದಲ್ಲಿ ಮೊದಲನೆಯದಕ್ಕೆ ಕಾಗದದಲ್ಲಾದರೆ 675 ಡಾಲರ್, ಎರಡನೆಯದಕ್ಕೆ 1,440. ಕೆಲಸದ ಪರವಾನಗಿಗೆ 260, ಪ್ರಯಾಣದ ಪರವಾನಗಿಗೆ 630. ಒಟ್ಟು 3,005. ದರ ಬದಲಾಗುತ್ತಿರುತ್ತದೆ, ಕಳಿಸುವ ದಿನ ಅವರ ಸೈಟಿನಲ್ಲಿ ನೋಡಿಯೇ ಕಳಿಸಿ. ಡಾಕ್ಟರ್ ಖರ್ಚು ಬೇರೆ: ಐ-693 ಅನ್ನುವ ಆರೋಗ್ಯ ತಪಾಸಣೆಯ ಫಾರಂ ಈಗ, 2024ರ ಡಿಸೆಂಬರಿನಿಂದ, ಅರ್ಜಿಯ ಜೊತೆಯಲ್ಲೇ ಇರಬೇಕು. ಟಿ.ಬಿ.ಗೆ ರಕ್ತ ಪರೀಕ್ಷೆ ಮಾಡುತ್ತಾರೆ. ಹಿಂದೆ ಚರ್ಮಕ್ಕೆ ಚುಚ್ಚಿ ನೋಡುತ್ತಿದ್ದರು. ನಮಗೆಲ್ಲ ಚಿಕ್ಕಂದಿನಲ್ಲಿ ಬಿಸಿಜಿ ಹಾಕಿರುವುದರಿಂದ ತೋಳು ಊದಿ, ಎಕ್ಸ್‌ರೇಗೆ ಓಡುವುದು ಗ್ಯಾರಂಟಿಯಿತ್ತು. ಗಂಡ ನಿಮ್ಮನ್ನು ಸಾಕುತ್ತೇನೆ ಎಂದು ಬರೆದುಕೊಡುವ ಐ-864 ಕೂಡ ಬೇಕು. ಇಬ್ಬರ ಮನೆಯಾದರೆ 2025ರ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 26,440 ಡಾಲರ್ ಆದಾಯ ತೋರಿಸಬೇಕಿತ್ತು. ಆ ಬರಹ ವಿಚ್ಛೇದನ ಆದರೂ ಬಿದ್ದುಹೋಗುವುದಿಲ್ಲ ಅನ್ನುವುದನ್ನು ಹುಡುಗನಿಗೆ ಈಗಲೇ ಹೇಳಿ. ಆಮೇಲೆ ಗೊತ್ತಾದರೆ ಮುಖ ಸಪ್ಪಗಾಗುತ್ತದೆ.

ನಮ್ಮವರ ಫೈಲ್ ನಿಂತುಹೋಗುವುದು ಇವೆಲ್ಲಕ್ಕಿಂತ ಹೆಚ್ಚಾಗಿ ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಜನನ ಪತ್ರದಲ್ಲಿ ಬರೀ "ಹೆಣ್ಣು ಮಗು". ನನ್ನ ಎಚ್.ಎಸ್. ಬಿಡಿಸಿ ಬರೆದಾಗ ಹೊಳೆನರಸೀಪುರ ನನ್ನ ಕುಟುಂಬದ ಹೆಸರಾಗಿ, ಒಂದು ವರ್ಷ ನಾನು ಒಂದು ಊರಾಗಿದ್ದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟವರಿಗೆ ವೀಸಾದಲ್ಲಿ ಇರುವ ಹೆಸರು ಕುಟುಂಬದ ಹೆಸರಿನ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಬೀಳುತ್ತದೆ, ಮೊದಲ ಹೆಸರು ಗೊತ್ತಿಲ್ಲ ಅಂತ. ನಮ್ಮ ಕಚೇರಿಗೆ ಬಂದ ಒಬ್ಬ ಹುಡುಗಿಗೆ ಬ್ಯಾಂಕಿನಿಂದ "ಡಿಯರ್ ಫ್ನು" ಎಂದೇ ಪತ್ರ ಬರುತ್ತಿತ್ತು. ಜನನ ಪತ್ರಕ್ಕೆ ಹೆಸರು ಸೇರಿಸುವ ಕೆಲಸವನ್ನು ಊರಿನಲ್ಲಿ ಅಪ್ಪನಿಗೆ ಈ ವಾರವೇ ಹಚ್ಚಿ. ಮದುವೆ ತಪ್ಪಿಹೋಯಿತೆಂದು ಕೊರಗುವ ಬದಲು ಅವರಿಗೂ ಒಂದು ಕೆಲಸವಾಗುತ್ತದೆ.

ಗ್ರೀನ್ ಕಾರ್ಡ್ ಮಂಜೂರಾಗುವ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಎರಡೇ ವರ್ಷದ ಷರತ್ತಿನ ಕಾರ್ಡ್ ಸಿಗುತ್ತದೆ. 1986ರ ಕಾನೂನಿನಿಂದ ಬಂದ ಪದ್ಧತಿ. ಅದು ಮುಗಿಯುವ ಹಿಂದಿನ 90 ದಿನಗಳಲ್ಲಿ ಷರತ್ತು ತೆಗೆಸುವ ಐ-751 ಅರ್ಜಿಯನ್ನು ಇಬ್ಬರೂ ಸೇರಿ ಹಾಕಬೇಕು. ಆ ದಿನಾಂಕವನ್ನು ಫ್ರಿಜ್ಜಿನ ಮೇಲೆ ಅಂಟಿಸಿ. ಮತ್ತೆ, ಕೆಲಸದ ಪರವಾನಗಿ ಬರುವ ತನಕ ಯಾರ ಮನೆಯ ಮಗು ನೋಡಿಕೊಳ್ಳುವ ಸಂಬಳದ ಕೆಲಸಕ್ಕೂ ಹೋಗಬೇಡಿ. ಅಕ್ಕನ ಮಗು ಎತ್ತಿಕೊಳ್ಳಲು ಯಾರ ಪರವಾನಗಿಯೂ ಬೇಡ.

ಪ್ರಶ್ನೆ: ನನ್ನ ಮಗ ಅಮೆರಿಕನ್ ಸಿಟಿಜನ್. ಹುಡುಗಿ ನಮ್ಮ ಕಡೆಯವಳೇ, ನಿಶ್ಚಿತಾರ್ಥ ಆಗಿದೆ. ಅಲ್ಲಿನ ದೇವಸ್ಥಾನದಲ್ಲೇ ಮುಹೂರ್ತ ಇಟ್ಟುಕೊಂಡಿದ್ದೇವೆ. ಟ್ರಾವೆಲ್ ಏಜೆಂಟ್, "ಹುಡುಗಿಗೆ ಟೂರಿಸ್ಟ್ ವೀಸಾ ಮಾಡಿಸಿ, ನಯಾಗರ ನೋಡೋಕೆ ಅಂತ ಹೇಳಿದರೆ ಸಾಕು, ಅಲ್ಲಿ ಹೋದ ಮೇಲೆ ಮದುವೆಯಾಗಿ ಉಳ್ಕೋಬಹುದು" ಅನ್ನುತ್ತಾರೆ. ಸರಿಯೇ?
(ಒಬ್ಬ ತಾಯಿ, ದಾವಣಗೆರೆ)

ಉತ್ತರ: ಅಮ್ಮಾ, ಮುಹೂರ್ತ ಬದಲಿಸಿ. ಏಜೆಂಟನ್ನೂ ಬದಲಿಸಿ.

ಮೇಲಿನ ಹುಡುಗಿಗೆ ಸರಿ ಎಂದು ನಿಮಗೆ ತಪ್ಪು ಎನ್ನುವುದಕ್ಕೆ ಕಾರಣ ಇದೆ. ಅವಳು ವಿಮಾನ ಹತ್ತುವಾಗ ಹುಡುಗನ ಮುಖವನ್ನೇ ನೋಡಿರಲಿಲ್ಲ. ನಿಮ್ಮ ಸೊಸೆ ಹತ್ತುವಾಗ ಸೂಟ್‌ಕೇಸಿನಲ್ಲಿ ಧಾರೆ ಸೀರೆ ಇರುತ್ತದೆ. ಆ ಸೂಟ್‌ಕೇಸನ್ನು ಏರ್‌ಪೋರ್ಟಿನಲ್ಲಿ ತೆರೆಸಬಹುದು, ಫೋನನ್ನೂ ನೋಡಬಹುದು. ನಯಾಗರ ಎಂದವಳ ಫೋನಿನಲ್ಲಿ ಲಗ್ನಪತ್ರಿಕೆ ಸಿಕ್ಕರೆ ಮರುವಿಮಾನದಲ್ಲಿ ವಾಪಸು. ಬೇಕೆಂದೇ ಸುಳ್ಳು ಹೇಳಿದಳೆಂದು ಬರೆದರೆ ಮುಂದೆ ಯಾವ ವೀಸಾಗೂ ಅದು ಅಡ್ಡ. ಅದನ್ನು ತೆಗೆಸಲು ಐ-601 ಎಂಬ ಕ್ಷಮಾ ಅರ್ಜಿ ಹಾಕಿ, ಇವಳಿಲ್ಲದೆ ನಿಮ್ಮ ಮಗನಿಗೆ ವಿಪರೀತ ಕಷ್ಟವಾಗುತ್ತದೆಂದು ತೋರಿಸಬೇಕು. ಆ ಕಷ್ಟ ಅಂದರೆ ಬರೀ ವಿರಹ ಅಲ್ಲ.

ದಾರಿ ಎರಡಿವೆ. ಒಂದು ಕೆ-1, ಅಂದರೆ ನಿಶ್ಚಿತಾರ್ಥವಾದವರ ವೀಸಾ. ಹಿಂದಿನ ಎರಡು ವರ್ಷದಲ್ಲಿ ಇಬ್ಬರೂ ಮುಖಾಮುಖಿ ಭೇಟಿಯಾಗಿರಬೇಕು. ಹೋದ 90 ದಿನದೊಳಗೆ ಆ ಹುಡುಗನನ್ನೇ ಮದುವೆಯಾಗಬೇಕು. ಆಮೇಲೆ ಗ್ರೀನ್ ಕಾರ್ಡಿಗೆ ಬೇರೆ ಅರ್ಜಿ, ಬೇರೆ ಫೀಸು. ಇದರಲ್ಲಿ ನಮ್ಮವರಿಗೆ ಒಂದು ತೊಡಕು ಇದೆ. ನಮ್ಮ ನಿಶ್ಚಿತಾರ್ಥದ ಫೋಟೋ ನೋಡಿದರೆ ಹಾರ, ಪೇಟ, ಐನೂರು ಜನರ ಊಟ. ಮದುವೆ ಅಲ್ಲ ಎಂದು ಬೇರೆಯವರಿಗೆ ಹೇಗೆ ಗೊತ್ತಾಗಬೇಕು? ಮದುವೆ ಆಗಿಹೋಗಿದೆ ಎಂದು ಅಧಿಕಾರಿಗೆ ಅನ್ನಿಸಿದರೆ ಕೆ-1 ಇಲ್ಲ. ಇನ್ನೊಂದು ದಾರಿ, ದಾವಣಗೆರೆಯಲ್ಲೇ ಮದುವೆ ಮಾಡಿ, ರಿಜಿಸ್ಟರ್ ಮಾಡಿಸಿ, ಮಗ ಅಲ್ಲಿಂದ ಐ-130 ಹಾಕುವುದು. ಕೊನೆಯ ಸಂದರ್ಶನ ಮುಂಬೈ ಕಾನ್ಸುಲೇಟಿನಲ್ಲಿ. ವರ್ಷದ ಮೇಲೆ ಹಿಡಿಯುವುದು ಸಾಮಾನ್ಯ. ಆದರೆ ಸೊಸೆ ಇಳಿದ ದಿನದಿಂದಲೇ ಗ್ರೀನ್ ಕಾರ್ಡಿನವಳು, ಮಾರನೆಯ ದಿನವೇ ಕೆಲಸಕ್ಕೆ ಹೋಗಬಹುದು. ನನ್ನ ಮಗಳಿಗಾಗಿದ್ದರೆ ನಾನು ಇದನ್ನೇ ಹೇಳುತ್ತಿದ್ದೆ.

ಪ್ರಶ್ನೆ: ನಾನೂ ವಿಸಿಟರ್ ಆಗಿ ಬಂದು ಇಲ್ಲೇ ಮದುವೆಯಾದೆ. ಐ-94 ಮುಗಿದು ಎರಡು ತಿಂಗಳಾಗಿದೆ. ಯಜಮಾನರಿಗೆ ಗ್ರೀನ್ ಕಾರ್ಡ್ ಇದೆ, ಸಿಟಿಜನ್‌ಶಿಪ್ ಇಲ್ಲ. ನಾನೂ ಅರ್ಜಿ ಹಾಕಬಹುದಲ್ಲ?
(ಟೆಕ್ಸಸ್)

ಉತ್ತರ: ಇಲ್ಲ, ಈಗ ಆಗುವುದಿಲ್ಲ. ಅವಧಿ ಮೀರಿದ್ದಕ್ಕೆ ಮಾಫಿ ಇರುವುದು ಸಿಟಿಜನ್ನರ ಹೆಂಡತಿಗೆ, ಗ್ರೀನ್ ಕಾರ್ಡಿನವರ ಹೆಂಡತಿಗಲ್ಲ. ಯಜಮಾನರ ಕಾರ್ಡಿಗೆ ಎಷ್ಟು ವರ್ಷವಾಯಿತು ಎಂದು ನೀವು ಬರೆದಿಲ್ಲ. ಐದು ವರ್ಷಕ್ಕೆ 90 ದಿನ ಮುಂಚಿತವಾಗಿಯೇ ಅವರು ಪೌರತ್ವಕ್ಕೆ ಅರ್ಜಿ ಹಾಕಬಹುದು, ಅವರು ಪ್ರಮಾಣವಚನ ತೆಗೆದುಕೊಂಡ ದಿನ ನಿಮ್ಮ ಲೆಕ್ಕ ಬದಲಾಗುತ್ತದೆ. ಅಲ್ಲಿಯ ತನಕ ನಿಮಗೆ ಯಾವ ರಕ್ಷಣೆಯೂ ಇಲ್ಲ, ಅದು ಗೊತ್ತಿರಲಿ. ಹಾಗಂತ ಊರಿಗೆ ಹೋಗಿ ಕಾಯುವುದಾದರೆ ಅದಕ್ಕೂ ಲೆಕ್ಕವಿದೆ: 180 ದಿನಕ್ಕಿಂತ ಹೆಚ್ಚು ಅವಧಿ ಮೀರಿ ಹೊರಟರೆ ಮೂರು ವರ್ಷ, ಒಂದು ವರ್ಷ ಮೀರಿದರೆ ಹತ್ತು ವರ್ಷ ಒಳಗೆ ಬಿಡುವುದಿಲ್ಲ. ನಿಮಗಿನ್ನೂ ನಾಲ್ಕು ತಿಂಗಳು ಕೈಯಲ್ಲಿವೆ. ಇದನ್ನು ಅಂಕಣದಲ್ಲಿ ಓದಿ ತೀರ್ಮಾನಿಸಬೇಡಿ, ಈ ವಾರವೇ ವಕೀಲರೊಬ್ಬರ ಮುಂದೆ ಇಬ್ಬರೂ ಹೋಗಿ ಕೂರಿ.

ಪ್ರಶ್ನೆ: ವಿಸಿಟರ್ ಆಗಿ ಬಂದು ಸಿಟಿಜನ್ನನ್ನು ಮದುವೆಯಾಗಿ ಅರ್ಜಿ ಹಾಕಿ ಐದು ತಿಂಗಳಾಯಿತು. ಊರಿನಲ್ಲಿ ಅಜ್ಜಿ ಐಸಿಯುನಲ್ಲಿದ್ದಾರೆ. ನನ್ನನ್ನು ಸಾಕಿದ್ದು ಅವರೇ. ಒಂದು ವಾರ ಹೋಗಿ ಬರಬಹುದೇ?
(ಎಂ., ನ್ಯೂಜೆರ್ಸಿ)

ಉತ್ತರ: ಪ್ರಯಾಣದ ಪರವಾನಗಿ, ಅಡ್ವಾನ್ಸ್ ಪರೋಲ್ ಅನ್ನುತ್ತಾರಲ್ಲ, ಅದು ಕೈಯಲ್ಲಿಲ್ಲದೆ ವಿಮಾನ ಹತ್ತಿದರೆ ನಿಮ್ಮ ಗ್ರೀನ್ ಕಾರ್ಡ್ ಅರ್ಜಿಯನ್ನು ನೀವೇ ಕೈಬಿಟ್ಟಿರಿ ಎಂದು ಲೆಕ್ಕ. ಫೀಸೂ ಹೋಯಿತು. ಆಮೇಲೆ ಮುಂಬೈ ಕಾನ್ಸುಲೇಟಿನ ದಾರಿಯೇ.

ಆದರೆ ತುರ್ತಿಗೆ ಒಂದು ಬಾಗಿಲಿದೆ. ಸ್ಥಳೀಯ ಯುಎಸ್‌ಸಿಐಎಸ್ ಕಚೇರಿಯಲ್ಲಿ ತುರ್ತು ಪರೋಲ್ ಕೊಡುವ ಏರ್ಪಾಡು ಉಂಟು. ಅವರ ಕಾಲ್ ಸೆಂಟರಿಗೆ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ಕೇಳಬೇಕು. ಮೊದಲು ಫೋನ್ ಎತ್ತುವುದು ಯಂತ್ರ. ಅದರ ಜೊತೆ ಜಗಳವಾಡುವ ತಾಳ್ಮೆ ಬೇಕು. ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಡಾಕ್ಟರ ಸಹಿ, ದಿನಾಂಕ, ಅಜ್ಜಿಯ ಹೆಸರು, ಸ್ಥಿತಿ ಗಂಭೀರ ಅನ್ನುವ ಮಾತು ಇರುವ ಪತ್ರವನ್ನು ಇವತ್ತೇ ತರಿಸಿ. ವಾಟ್ಸಾಪಿನಲ್ಲಿ ತೆಗೆದ ಫೋಟೋದ ಜೊತೆಗೆ ಸ್ಕ್ಯಾನ್ ಮಾಡಿದ ಪ್ರತಿಯನ್ನೂ ಕೇಳಿ. ಅವರು ಅಜ್ಜಿ, ನೀವು ಮೊಮ್ಮಗಳು ಎಂದು ತೋರಿಸಲು ಅಮ್ಮನ ಜನನ ಪತ್ರವೋ ಶಾಲೆಯ ಸರ್ಟಿಫಿಕೇಟೋ, ಜೊತೆಗೆ ನಿಮ್ಮದು. ಪ್ರಯಾಣದ ಪರವಾನಗಿಗೆ ತುಂಬಿದ ಐ-131 ಫಾರಂ, ಫೀಸು, ಪಾಸ್‌ಪೋರ್ಟ್ ಅಳತೆಯ ಎರಡು ಫೋಟೋ, ಟಿಕೆಟ್ಟಿನ ವಿವರ. ಕೊಟ್ಟೇ ಕೊಡುತ್ತಾರೆಂದು ಯಾರೂ ಮಾತು ಕೊಡಲಾರರು. ಐ-94 ಮುಗಿದ ಮೇಲೆ ಅರ್ಜಿ ಹಾಕಿದ್ದರೆ, ಪರವಾನಗಿ ಸಿಕ್ಕರೂ ವಕೀಲರನ್ನು ಒಂದು ಮಾತು ಕೇಳದೆ ಹೊರಡಬೇಡಿ.

1997ರಲ್ಲಿ, ನನ್ನ ಸಂದರ್ಶನಕ್ಕೆ ಮೂರು ವಾರ ಇದ್ದಾಗ ನಮ್ಮಜ್ಜಿ ಹೋದರು. ಹೀಗೊಂದು ಬಾಗಿಲಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಲಿಲ್ಲ. ವೈಕುಂಠ ಸಮಾರಾಧನೆಯ ದಿನ ಅಕ್ಕನ ಅಡುಗೆಮನೆಯಲ್ಲಿ ಒಬ್ಬಳೇ ವಡೆ ಕರಿದೆ. ಅದಕ್ಕೇ ನಿಮ್ಮ ಪತ್ರ ಬಂದ ರಾತ್ರಿಯೇ ಈ ಉತ್ತರವನ್ನು ನಿಮಗೆ ಬೇರೆಯಾಗಿ ಕಳಿಸಿದ್ದೇನೆ, ಪತ್ರಿಕೆ ಬರುವ ತನಕ ಕಾಯಲಿಲ್ಲ. ಪರೋಲ್ ಸಿಕ್ಕಿದ್ದರೆ ಅದರ ಮೂಲಪ್ರತಿ ಕೈಚೀಲದಲ್ಲಿರಲಿ, ಚೆಕ್-ಇನ್ ಸೂಟ್‌ಕೇಸಿನಲ್ಲಿ ಹಾಕಬೇಡಿ. ಎರಡು ಜೆರಾಕ್ಸ್ ಮಾಡಿಸಿ ಒಂದನ್ನು ಯಜಮಾನರ ಹತ್ತಿರ ಬಿಟ್ಟು ಹೋಗಿ.